6 ವರ್ಷವಾದರೂ ಏಳದ ಮಾವು: ಒಂದು ಹಿತ್ತಲಿನ ಪ್ರಕರಣ ಅಧ್ಯಯನ

ಮನೆಯ ಪಶ್ಚಿಮಕ್ಕೆ 7 ಮೀಟರ್ ಅಗಲ, 11 ಮೀಟರ್ ಉದ್ದದ ಹಿತ್ತಲು. ಮನೆ ಒಂದೇ ಅಂತಸ್ತಿನದು. ಮಧ್ಯಾಹ್ನದ ಮೇಲೆ ಬಿಸಿಲೆಲ್ಲ ಆ ಬದಿಯ ಗೋಡೆಗೇ ಬಡಿಯುವುದರಿಂದ ಅಲ್ಲಿನ ಕೋಣೆಗಳಲ್ಲಿ ರಾತ್ರಿಯೂ ಸೆಕೆ ಇಳಿಯುತ್ತಿರಲಿಲ್ಲ. ನೆರಳೂ ಆಗಲಿ, ಹಣ್ಣೂ ಸಿಗಲಿ ಎಂದು ಮನೆ ಕಟ್ಟಿ ಮುಗಿಸಿದ ವರ್ಷವೇ ಮನೆಯವರು ಅಲ್ಲೊಂದು ಕಸಿ ಮಾವು ನೆಟ್ಟಿದ್ದರು. ನಾನು ನೋಡಲು ಹೋದಾಗ ಅದಕ್ಕೆ 6 ವರ್ಷ ತುಂಬಿತ್ತು. ಎತ್ತರ 2 ಮೀಟರ್ ದಾಟಿರಲಿಲ್ಲ, ಕಾಂಡ ಮುಂಗೈ ದಪ್ಪವೂ ಇರಲಿಲ್ಲ. ಎಲೆಗಳು ಅಂಗೈ ಉದ್ದಕ್ಕೇ ನಿಂತಿದ್ದವು. ಚೆನ್ನಾಗಿರುವ ಮಾವಿನಲ್ಲಿ ಎಲೆ 20 ಸೆಂಟಿಮೀಟರಿಗೂ ಉದ್ದ ಬರುವುದು ಸಾಮಾನ್ಯ. ನೆತ್ತಿಯ ಮೂರು ರೆಂಬೆಗಳು ತುದಿಯಿಂದ ಕೆಳಕ್ಕೆ ಒಣಗುತ್ತಾ ಬಂದಿದ್ದವು.

"ಗೊಬ್ಬರ ಏನಾದ್ರೂ ಕಮ್ಮಿ ಆಗಿದ್ಯಾ ನೋಡಿ" ಎಂದರು ಮನೆಯೊಡತಿ. ಕಮ್ಮಿಯೇನೂ ಆಗಿರಲಿಲ್ಲ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ರಾಸಾಯನಿಕ ಗೊಬ್ಬರ ಎಲ್ಲವೂ ವರ್ಷವರ್ಷ ಬಿದ್ದಿತ್ತು. ಗಿಡ ಸೊರಗಿದಷ್ಟೂ ಗೊಬ್ಬರ ಹೆಚ್ಚಿತ್ತು. ಹಳೆಯ ಎಲೆಗಳ ತುದಿ ಸುಟ್ಟಂತೆ ಕಂದಾಗಿದ್ದುದಕ್ಕೆ ಆ ಗೊಬ್ಬರದ ಉಪ್ಪಿನಂಶವೂ ಒಂದು ಕಾರಣವಿರಬೇಕು.

ಮನೆಯವರು ಹೇಳಿದ ಇನ್ನೊಂದು ಮಾತು ನನ್ನ ಕಿವಿ ನಿಮಿರಿಸಿತು. ಹಿಂದಿನ ವರ್ಷ ಗಿಡ ಮೈತುಂಬ ಹೂ ಬಿಟ್ಟಿತ್ತಂತೆ. ಇನ್ನೇನು ಸುಧಾರಿಸಿತು ಎಂದು ಎಲ್ಲರೂ ಸಂತೋಷಪಟ್ಟಿದ್ದರು. ಹೂವೆಲ್ಲ ಉದುರಿ, ಕಟ್ಟಿದ ನಾಲ್ಕಾರು ಹೀಚುಗಳೂ ನಿಲ್ಲಲಿಲ್ಲ. ಸಣಕಲು ಗಿಡ ಇದ್ದಕ್ಕಿದ್ದಂತೆ ವಿಪರೀತ ಹೂ ಬಿಟ್ಟರೆ ನಾನು ಮೊದಲು ನೋಡುವುದು ಅದರ ಬುಡವನ್ನು. ಎಲೆಯಲ್ಲಿ ತಯಾರಾದ ಸಕ್ಕರೆ ತೊಗಟೆಯ ಒಳಪದರದ ಮೂಲಕ ಬೇರಿಗೆ ಇಳಿಯಬೇಕು. ದಾರಿಯಲ್ಲಿ ಎಲ್ಲೋ ಬಿಗಿತವಿದ್ದರೆ ಅದು ಮೇಲೆಯೇ ತಂಗುತ್ತದೆ, ಹೂವಾಗಿ ಹೊರಬರುತ್ತದೆ. ತೋಟಗಾರರು ಬೇಕೆಂದೇ ಕೊಂಬೆಯ ತೊಗಟೆಯಲ್ಲಿ ಉಂಗುರ ತೆಗೆದು ಹೂ ಬರಿಸುವ ಪದ್ಧತಿ ಮಾವಿನಲ್ಲೂ ಇದೆ. ಇಲ್ಲಿ ಯಾರೂ ಉಂಗುರ ತೆಗೆದಿರಲಿಲ್ಲ. ಹಾಗಾದರೆ ಬಿಗಿದದ್ದು ಯಾವುದು?

ಬುಡ ಬಿಡಿಸಿದಾಗ ಕಂಡದ್ದು

ಯಾವ ಮರವಾದರೂ ನೆಲ ಮುಟ್ಟುವ ಜಾಗದಲ್ಲಿ ಅಗಲವಾಗುತ್ತದೆ. ಕಾಂಡ ಅಲ್ಲಿ ಹರಡಿಕೊಂಡು ದೊಡ್ಡ ಬೇರುಗಳಾಗಿ ಮಣ್ಣಿಗಿಳಿಯುತ್ತದೆ. ಈ ಹರವು ಕಣ್ಣಿಗೆ ಕಾಣಬೇಕು. ಈ ಮಾವು ಮಾತ್ರ ನೆಲಕ್ಕೆ ಹೂತ ಕಂಬದಂತೆ ನೇರವಾಗಿ ಮಣ್ಣಿನೊಳಗೆ ಇಳಿದಿತ್ತು. ಇಂಥ ಬುಡ ಕಂಡರೆ ಎರಡರಲ್ಲಿ ಒಂದು ಖಚಿತ: ಗಿಡವನ್ನು ಆಳಕ್ಕೆ ನೆಟ್ಟಿದ್ದಾರೆ, ಇಲ್ಲವೇ ಆಮೇಲೆ ಮಣ್ಣು ಏರಿಸಿದ್ದಾರೆ.

ಕಳೆಗುದ್ದಲಿಯಿಂದ ಮೇಲಿನ ಮಣ್ಣು ಸಡಿಲಿಸಿ, ಕಾಂಡದ ಹತ್ತಿರ ಬಂದಮೇಲೆ ಕೈಯಿಂದಲೇ ಕೆದಕಿದೆವು. ಅಲ್ಲಿ ಕಬ್ಬಿಣ ತಾಗಿದರೆ ತೊಗಟೆ ಹರಿಯುತ್ತದೆ. ಮೊದಲು ಸಿಕ್ಕಿದ್ದು ಕಸಿ ಕಟ್ಟಿದ ಗಂಟು, ಮಣ್ಣಿನಿಂದ 5 ಸೆಂಟಿಮೀಟರ್ ಕೆಳಗೆ. ಕಸಿಗಂಟು ಯಾವತ್ತೂ ನೆಲದಿಂದ ಒಂದು ಗೇಣಾದರೂ ಮೇಲಿರಬೇಕು. ಇನ್ನೂ ಕೆಳಗೆ ಹೋದಾಗ ತೊಗಟೆ ಮೆತ್ತಗಾಗಿ ಕಪ್ಪಿಗೆ ತಿರುಗಿತ್ತು, ಉಗುರಿನಿಂದ ಒತ್ತಿದರೆ ನೀರು ಜಿನುಗುತ್ತಿತ್ತು. ಕಾಂಡದ ತೊಗಟೆ ಗಾಳಿಯಲ್ಲಿರಲು ಆದದ್ದು, ಸದಾ ಹಸಿಯಾದ ಮಣ್ಣಿನಲ್ಲಿ ಅದು ಕೊಳೆಯುತ್ತದೆ.

ಆ ಕಪ್ಪು ತೊಗಟೆಯ ಕೆಳಗೆ ಹೆಬ್ಬೆರಳು ದಪ್ಪದ ಒಂದು ಬೇರು ಅಡ್ಡಲಾಗಿ ಕಾಂಡವನ್ನು ಸುತ್ತಿಕೊಂಡಿತ್ತು. ಹೊರಕ್ಕೆ ಹರಿಯುವ ಬೇರಲ್ಲ ಅದು. ಕಾಂಡದ ಅರ್ಧ ಸುತ್ತಿಗೂ ಹೆಚ್ಚು ಹಾಗೇ ತಬ್ಬಿಕೊಂಡು ತಿರುಗಿ, ಕೊನೆಗೆ ಮಣ್ಣಿಗಿಳಿದಿತ್ತು. ಅದರಡಿಯಲ್ಲಿ ಇನ್ನೊಂದು. ಅದು ಎಷ್ಟು ಬಿಗಿದಿತ್ತೆಂದರೆ ಕಾಂಡ ಅದರ ಮೇಲೂ ಕೆಳಗೂ ಉಬ್ಬಿ, ಬೇರು ಒಳಕ್ಕೆ ಹೂತುಹೋಗಿತ್ತು. ಬೆರಳು ತೂರಿಸಲೂ ಸಂದಿಯಿರಲಿಲ್ಲ. ನಿಜವಾದ ಹರವು ಸಿಕ್ಕಿದ್ದು ನೆಲದಿಂದ 14 ಸೆಂಟಿಮೀಟರ್ ಕೆಳಗೆ, ಅದೂ ಒಂದೇ ಬದಿಯಲ್ಲಿ.

ಇದರ ಮೂಲ ನರ್ಸರಿಯ ಪಾಲಿಥಿನ್ ಚೀಲದಲ್ಲಿದೆ. ಬೇರು ಚೀಲದ ಗೋಡೆಗೆ ತಾಗಿದಾಗ ಮುಂದೆ ದಾರಿಯಿಲ್ಲದೆ ಗೋಡೆಗುಂಟ ತಿರುಗುತ್ತದೆ. ಸಸಿ ಒಂದೇ ಚೀಲದಲ್ಲಿ ಹೆಚ್ಚು ಕಾಲ ಉಳಿದಷ್ಟೂ ಸುತ್ತು ಹೆಚ್ಚುತ್ತದೆ. ನೆಟ್ಟಮೇಲೆ ತಾನಾಗಿ ಬಿಚ್ಚಿಕೊಳ್ಳಬಹುದು ಎಂದು ಬಹಳ ಜನ ನಂಬಿದ್ದಾರೆ. ಬಿಚ್ಚಿಕೊಳ್ಳುವುದಿಲ್ಲ. ಬೇರು ಬೆಳೆಯುವುದು ತುದಿಯಲ್ಲಿ, ಹಿಂದಿನ ಭಾಗ ಇದ್ದ ಆಕಾರದಲ್ಲೇ ದಪ್ಪವಾಗುತ್ತಾ ಹೋಗುತ್ತದೆ. ಇತ್ತ ಕಾಂಡವೂ ದಪ್ಪವಾಗುತ್ತದೆ. ಎರಡೂ ಒಂದನ್ನೊಂದು ಒತ್ತತೊಡಗುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದಿರುತ್ತವೆ. ಗಿಡ ಮೊದಮೊದಲು ಚೆನ್ನಾಗಿದ್ದು ಆಮೇಲೆ ಕಾರಣವಿಲ್ಲದೆ ಸೊರಗಿದಂತೆ ಕಾಣುವುದು ಇದರಿಂದಲೇ. ಕೆಳಗಿಳಿಯುವ ಸಕ್ಕರೆಗೆ ತಡೆ ಬಿದ್ದಾಗ ಬೇರು ಉಪವಾಸ ಬೀಳುತ್ತದೆ, ಉಪವಾಸವಿರುವ ಬೇರಿಗೆ ಎಷ್ಟು ಗೊಬ್ಬರ ಸುರಿದರೂ ಎಳೆದುಕೊಳ್ಳುವ ಶಕ್ತಿಯಿರುವುದಿಲ್ಲ.

ಎರಡನೆಯ ಸಮಸ್ಯೆ ಮಣ್ಣಿನದು. ಪಕ್ಕದಲ್ಲಿ ಗುಂಡಿ ತೋಡಿದಾಗ ಮೇಲಿನ 40 ಸೆಂಟಿಮೀಟರ್ ಒಳ್ಳೆಯ ಕೆಮ್ಮಣ್ಣು, ಅದರ ಕೆಳಗೆ ಇಟ್ಟಿಗೆ ಚೂರು, ಗಾರೆ, ಸಿಮೆಂಟಿನ ಗಟ್ಟಿ. ಮನೆ ಕಟ್ಟಿದಾಗಿನ ಕಸವನ್ನೆಲ್ಲ ಅಲ್ಲೇ ಹರಡಿ, ಮೇಲೆ ಮಣ್ಣು ಮುಚ್ಚಿದ್ದರು. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರಕ್ಕೆ ತಿರುಗಿಸುತ್ತದೆ, ಕ್ಷಾರದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಕ್ಕುವುದಿಲ್ಲ. ಹೊಸ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದದ್ದಕ್ಕೆ ಇದು ಉತ್ತರ. ಹೊಸ ಮನೆಗಳ ಸುತ್ತ ಗಿಡ ನೆಡುವವರು ಹಾರೆಯಿಂದ ಒಂದು ಗುಂಡಿಯಾದರೂ ತೋಡಿ ಕೆಳಗೇನಿದೆ ಎಂದು ನೋಡುವುದು ಒಳ್ಳೆಯದು. ಮೇಲಿನ ಕೆಂಪು ಮಣ್ಣನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು.

ಉಳಿಸುವುದೋ ತೆಗೆಯುವುದೋ

ನನ್ನ ಅಭಿಪ್ರಾಯ ತೆಗೆಯುವುದೇ ಆಗಿತ್ತು. ಬಿಗಿದ ಬೇರು ಕಾಂಡದ ಸುತ್ತಳತೆಯ ಸಣ್ಣ ಪಾಲನ್ನಷ್ಟೇ ಹಿಡಿದಿದ್ದರೆ ಕತ್ತರಿಸಿ ಬಿಡಿಸಬಹುದು, ಗಿಡ ಚೇತರಿಸಿಕೊಳ್ಳುತ್ತದೆ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಸುತ್ತು ಹೋಗಿತ್ತು, ತೊಗಟೆ ಕೊಳೆತಿತ್ತು, ಆಧಾರದ ಬೇರು ಒಂದೇ ಕಡೆಗಿತ್ತು. ಮನೆಯ ಹಿರಿಯಮ್ಮ ಒಪ್ಪಲಿಲ್ಲ. "ಇನ್ನೊಂದು ಮಳೆಗಾಲ ನೋಡೋಣಪ್ಪ, ಜೀವ ಇರೋ ಗಿಡ" ಎಂದರು. 6 ವರ್ಷ ನೀರೆರೆದವರು ಅವರು. ಆ ಮಾತನ್ನು ತಳ್ಳಿಹಾಕುವುದು ನನಗೂ ಸರಿಯೆನಿಸಲಿಲ್ಲ. ಒಂದು ಒಪ್ಪಂದಕ್ಕೆ ಬಂದೆವು: ಹಳೆಯ ಗಿಡಕ್ಕೆ ಒಂದು ಅವಕಾಶ ಕೊಡುವುದು, ಜೊತೆಗೇ ಹೊಸ ಗಿಡಕ್ಕೆ ಜಾಗ ಸಿದ್ಧಮಾಡುವುದು.

ಮೇಲಿನ ಬೇರನ್ನು ಉಳಿ ಮತ್ತು ಸಣ್ಣ ಸುತ್ತಿಗೆಯಿಂದ ಕಾಂಡಕ್ಕೆ ಪೆಟ್ಟು ತಾಗದಂತೆ ಕತ್ತರಿಸಿ ತೆಗೆದೆವು. ಒಳಗೆ ಹೂತಿದ್ದ ಬೇರನ್ನು ಕೀಳಲು ಹೋದರೆ ಕಾಂಡದ ತೊಗಟೆಯೇ ಕಿತ್ತುಬರುತ್ತದೆ. ಅದನ್ನು ಎರಡು ತುದಿಯಲ್ಲಿ ಕಡಿದು ಅಲ್ಲೇ ಬಿಟ್ಟೆವು. ಹರವಿನವರೆಗೆ ಮಣ್ಣು ತೆಗೆದು ಬುಡವನ್ನು ಗಾಳಿಗೆ ಬಿಟ್ಟೆವು. ಗೊಬ್ಬರ ಪೂರ್ತಿ ನಿಲ್ಲಿಸಲಾಯಿತು.

ಮಳೆಗಾಲದ ನಡುವೆ ಒಂದು ಗಾಳಿಗೆ ಗಿಡ ಪೂರ್ವಕ್ಕೆ ವಾಲಿತು. ಬೇರಿಲ್ಲದ ಬದಿಯಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಇನ್ನು ಅದನ್ನು ನಿಲ್ಲಿಸಿಟ್ಟು ಪ್ರಯೋಜನವಿಲ್ಲವೆಂದು ಹಿರಿಯಮ್ಮನೇ ಹೇಳಿದರು. ಬುಡ ಕೀಳಲು ಪಿಕಾಸಿಯೂ ಬೇಕಾಗಲಿಲ್ಲ. ಇಬ್ಬರು ಹಿಡಿದು ಅಲುಗಾಡಿಸಿದಾಗ ಮೇಲೆ ಬಂತು. ಮಣ್ಣು ತೊಳೆದು ನೋಡಿದರೆ 6 ವರ್ಷದ ಬೇರು ಇನ್ನೂ ಆ ಚೀಲದ ಆಕಾರದಲ್ಲೇ ಇತ್ತು. ಸುಮಾರು 15 ಸೆಂಟಿಮೀಟರ್ ಅಗಲದ ಉಂಡೆ, ತಳದಲ್ಲಿ ತಾಯಿಬೇರು ಸುರುಳಿ ಸುತ್ತಿಕೊಂಡಿದೆ, ಸುರುಳಿಯ ನಡುವೆ ಪಾಲಿಥಿನ್ನಿನ ಒಂದು ಚೂರು ಸಿಕ್ಕಿಕೊಂಡಿದೆ. ಅದರಿಂದ ಹೊರಗೆ ಹೋದದ್ದು ಎರಡೇ ದೊಡ್ಡ ಬೇರು, ಎರಡೂ ಪೂರ್ವಕ್ಕೆ.

ಕಾಂಡವನ್ನು ಉದ್ದಕ್ಕೆ ಸೀಳಿಸಿದೆ. ಮೂರು ವರ್ಷದ ಹಿಂದೆ ಯಾರೋ ಒಂದು ಕೊಂಬೆಯನ್ನು ಕಾಂಡಕ್ಕೆ ನುಣ್ಣಗೆ ಒರಸುವಂತೆ ಕಡಿದು ಬಣ್ಣ ಬಳಿದಿದ್ದರು. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಒಳಗೆ ಬಣ್ಣದ ಹಿಂದಿನಿಂದ ಶುರುವಾಗಿ ಒಂದು ಗೇಣು ಕೆಳಗಿನವರೆಗೆ ಮರ ಕಂದಾಗಿ ಪುಡಿಯಾಗಿತ್ತು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶಿಗೋ (1930–2006) ಸಾವಿರಾರು ಮರಗಳನ್ನು ಹೀಗೆ ಉದ್ದಕ್ಕೆ ಸೀಳಿ ಅಭ್ಯಾಸ ಮಾಡಿದ ವಿಜ್ಞಾನಿ. ಮರಕ್ಕೆ ಗಾಯ ಮಾಯುವುದಿಲ್ಲ, ಅದು ಗಾಯದ ಸುತ್ತ ಗೋಡೆ ಕಟ್ಟಿಕೊಂಡು ಕೊಳೆತವನ್ನು ಪ್ರತ್ಯೇಕಿಸುತ್ತದೆ ಎಂಬ ವಿವರಣೆಯನ್ನು 1970ರ ದಶಕದಲ್ಲಿ ಮುಂದಿಟ್ಟವರು ಅವರು. ಆ ಗೋಡೆ ಕಟ್ಟುವ ಕೆಲಸದಲ್ಲಿ ಕೊಂಬೆಯ ಬುಡದಲ್ಲಿರುವ ಉಬ್ಬಿದ ಕೊರಳಿನ ಪಾತ್ರ ದೊಡ್ಡದು. ನುಣ್ಣಗೆ ಒರಸಿ ಕಡಿದರೆ ಆ ಕೊರಳೇ ಹೋಗುತ್ತದೆ. ಬಣ್ಣ ಕೊಳೆತವನ್ನು ತಡೆಯುವುದಿಲ್ಲ, ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ ಅಷ್ಟೆ.

ಯಾವ ಮರ, ಎಲ್ಲಿ

ಹೊಸ ಗಿಡದ ಮಾತು ಬಂದಾಗ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮರ ಇಷ್ಟ. ಹಲಸು, ಬೇವು, ಸಂಪಿಗೆ, ಸೀಬೆ, ನೆಲ್ಲಿ. ಮರದ ಹೆಸರು ಬದಿಗಿಟ್ಟು ಮೊದಲು ಜಾಗ ಅಳೆಯೋಣ ಎಂದೆ. ಗೋಡೆಯಿಂದ ಕಾಂಪೌಂಡಿಗೆ 7 ಮೀಟರ್. ಕಾಂಪೌಂಡಿನ ಗುಂಟ ನೀರಿನ ಪೈಪು. ಉತ್ತರದ ಮೂಲೆಯಲ್ಲಿ ನೆಲದೊಳಗೆ ಸಂಪು. ಮೇಲೆ ವಿದ್ಯುತ್ ತಂತಿ ಇಲ್ಲ, ಅದು ರಸ್ತೆಯ ಬದಿಯಲ್ಲಿದೆ. ಅಂದರೆ ಪೂರ್ತಿ ಬೆಳೆದಾಗ 5–6 ಮೀಟರ್ ಹರಡುವ ಮರಕ್ಕೆ ಇಲ್ಲಿ ಜಾಗವಿದೆ, ಅದಕ್ಕಿಂತ ದೊಡ್ಡದಕ್ಕೆ ಇಲ್ಲ. ಮರವನ್ನು ನರ್ಸರಿಯ ಎತ್ತರದಲ್ಲಿ ನೋಡಿ ಆರಿಸುವುದೇ ಹಿತ್ತಲುಗಳಲ್ಲಿ ಮುಂದೆ ಕೊಡಲಿ ಹಿಡಿಯಬೇಕಾಗುವುದಕ್ಕೆ ಮುಖ್ಯ ಕಾರಣ ಎನ್ನುವುದು ನನ್ನ ಅನುಭವ.

ಹಲಸು, ಬೇವು ಎರಡೂ 15 ಮೀಟರಿನ ಆಚೆ ಹೋಗುವ ಮರಗಳು. ಹಲಸಿನ ಕೆಳಗೆ ಮಕ್ಕಳು ಆಡುವಾಗ ಕಾಯಿ ಬೀಳುವ ಯೋಚನೆಯೂ ಉಂಟು. ಸಂಪಿಗೆ ಎಳೆಯದಿದ್ದಾಗ ಸಪೂರ, ಆಮೇಲೆ ಅದೂ ಎತ್ತರದ ಮರವೇ, ನೆತ್ತಿ ಕಡಿದು ಗಿಡ್ಡ ಮಾಡಿದರೆ ಅದರ ಚೆಲುವೇ ಹೋಗುತ್ತದೆ. ನೆಲ್ಲಿಯ ನೆರಳು ತೆಳು, ಒಣಗಾಲದಲ್ಲಿ ಎಲೆಯನ್ನೂ ಉದುರಿಸುತ್ತದೆ. ಗೋಡೆ ತಣ್ಣಗಾಗಬೇಕಾದ ಬೇಸಗೆಯಲ್ಲಿ ಅದು ಬರಿದಾಗಿರುವುದು ಬೇಡ. ಸೀಬೆ ಜಾಗಕ್ಕೆ ಹೊಂದುತ್ತಿತ್ತು, ಆದರೆ ನೆರಳು ಸಾಲದು.

ಸುತ್ತಿ ಬಳಸಿ ಮಾವಿಗೇ ಬಂದೆವು. ವರ್ಷವಿಡೀ ಎಲೆ, ದಟ್ಟ ನೆರಳು, ಕೊಯ್ಲಿನ ನಂತರ ಸವರಿದರೆ ಸಹಿಸಿಕೊಂಡು ಮತ್ತೆ ಚಿಗುರುವ ಗುಣ. ತಳಿಯಾಗಿ ಆಮ್ರಪಾಲಿಯನ್ನು ಸೂಚಿಸಿದೆ. ದಶೇರಿ ಮತ್ತು ನೀಲಂ ತಳಿಗಳ ಸಂಕರ ಅದು, ಗಿಡ್ಡ ಜಾತಿ, ವರ್ಷ ಬಿಟ್ಟು ವರ್ಷ ಎನ್ನದೆ ಪ್ರತಿವರ್ಷ ಕಾಯಿ ಬಿಡುತ್ತದೆ. 5 ಮೀಟರಿನೊಳಗೆ ಇಟ್ಟುಕೊಳ್ಳುವುದು ಕಷ್ಟವಲ್ಲ.

5 ಮೀಟರಿನ ಮರ ಗೋಡೆಗೆ ಸಾಕಷ್ಟು ನೆರಳು ಕೊಡುತ್ತದೆಯೇ ಎಂಬ ಪ್ರಶ್ನೆ ಬಂತು. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಗೋಡೆಯಿಂದ ಮೂರೂವರೆ ಮೀಟರ್ ದೂರದಲ್ಲಿ ಮರ. ಸೂರ್ಯ 45 ಡಿಗ್ರಿಗೆ ಇಳಿದಾಗ ಗೋಡೆಯ ಕೆಳಗಿನ ಒಂದೂವರೆ ಮೀಟರಿಗೆ ನೆರಳು ಬೀಳುತ್ತದೆ, 30 ಡಿಗ್ರಿಗೆ ಇಳಿದಾಗ ಸುಮಾರು 3 ಮೀಟರಿನವರೆಗೆ. ಹರಡಿದ ಕೊಂಬೆ ಗೋಡೆಗೆ ಹತ್ತಿರವಿರುವುದರಿಂದ ನಿಜದಲ್ಲಿ ಇದಕ್ಕಿಂತ ಹೆಚ್ಚೇ ಸಿಗುತ್ತದೆ. ಒಂದಂತಸ್ತಿನ ಗೋಡೆಗೆ ಅಷ್ಟು ಸಾಕು. ಸಂಜೆಯ ಬಿಸಿಲು ಕೆಳಕ್ಕಿಳಿದು ಬರುವುದರಿಂದ ಪಶ್ಚಿಮದ ಗೋಡೆಗೆ ಮರ ಮುಗಿಲೆತ್ತರ ಇರಬೇಕಾದ್ದಿಲ್ಲ.

ಬೇರು ಅಡಿಪಾಯ ಎತ್ತಿಬಿಟ್ಟರೆ ಎಂಬ ಭಯವೂ ಮನೆಯವರಿಗಿತ್ತು. ಈ ಭಯಕ್ಕೆ ಮಣ್ಣನ್ನು ನೋಡಿ ಉತ್ತರಿಸಬೇಕು. ಒಣಗಿದರೆ ಕುಗ್ಗಿ, ನೆನೆದರೆ ಉಬ್ಬುವ ಜೇಡಿಮಣ್ಣಿನಲ್ಲಿ ಮರ ನೀರೆಳೆದಾಗ ನೆಲ ಕುಸಿಯುವುದು ನಿಜ. 1976ರ ಬರದಲ್ಲಿ ಬ್ರಿಟನ್ನಿನ ಜೇಡಿಮಣ್ಣಿನ ಪ್ರದೇಶದ ಬಹಳಷ್ಟು ಮನೆಗಳಿಗೆ ಹೀಗೆ ಬಿರುಕು ಬಿಟ್ಟಿತು. ಇಲ್ಲಿಯದು ಉಬ್ಬದ ಕೆಮ್ಮಣ್ಣು, ಮರವೂ ಚಿಕ್ಕದು. ಪೈಪಿನ ವಿಷಯವೂ ಹಾಗೆಯೇ. ಗಟ್ಟಿ ಪೈಪನ್ನು ಬೇರು ಒಡೆದು ಒಳಹೋಗುವುದಿಲ್ಲ, ಸೋರುವ ಕೂಡಿಕೆ ಸಿಕ್ಕರೆ ಬಿಡುವುದಿಲ್ಲ. ಅದಕ್ಕೇ ನೆಡುವ ಮೊದಲೇ ಪೈಪಿನ ಎರಡು ಹಳೆಯ ಕೂಡಿಕೆಗಳನ್ನು ಬದಲಿಸಿಕೊಂಡರು. ಸಂಪಿನಿಂದ ಆದಷ್ಟು ದೂರ, ದಕ್ಷಿಣದ ಕಡೆಗೆ, ಹಳೆಯ ಗುಂಡಿಯಿಂದ 4 ಮೀಟರ್ ಆಚೆ ಜಾಗ ಗುರುತಿಸಿದೆವು.

ನೆಟ್ಟ ಬಗೆ

ಗುರುತಿಸಿದ ಜಾಗದಲ್ಲಿ ಒಂದೂವರೆ ಮೀಟರ್ ಅಗಲಕ್ಕೆ 60 ಸೆಂಟಿಮೀಟರ್ ಆಳದವರೆಗೆ ಕಟ್ಟಡದ ಕಸ ತೆಗೆಸಿದೆವು. ಬುಟ್ಟಿಗಟ್ಟಲೆ ಇಟ್ಟಿಗೆ ಬಂತು. ತಳದಲ್ಲಿ 30 ಸೆಂಟಿಮೀಟರಿನ ಸಣ್ಣ ಗುಂಡಿ ಮಾಡಿ ನೀರು ತುಂಬಿಸಿ ಇಂಗಲು ಬಿಟ್ಟು, ಮತ್ತೆ ತುಂಬಿಸಿ ಅಳೆದಾಗ ಗಂಟೆಗೆ 4 ಸೆಂಟಿಮೀಟರ್ ಇಳಿಯಿತು. ತೊಂದರೆಯಿಲ್ಲ. ಗಂಟೆಗೆ ಒಂದೆರಡು ಸೆಂಟಿಮೀಟರೂ ಇಳಿಯದಿದ್ದರೆ ಮಾವಿಗೆ ದಿಬ್ಬ ಮಾಡಿ ನೆಡಬೇಕಾಗುತ್ತಿತ್ತು.

ಗುಂಡಿಯನ್ನು ಹಿತ್ತಲಿನದೇ ಮೇಲ್ಮಣ್ಣಿನಿಂದ ತುಂಬಿಸಿದೆವು. ಅರ್ಧ ಗುಂಡಿ ಗೊಬ್ಬರ ತುಂಬಿಸಿ ನೆಡುವ ರೂಢಿ ಬಹಳ ಕಡೆ ಇದೆ. ಒಕ್ಲಹೋಮ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವಿಟ್ಕಂಬ್ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳಲ್ಲಿ ನೆಡುವ ಗುಂಡಿಗೆ ಬೆರೆಸಿದ ಗೊಬ್ಬರ, ಪೀಟ್ (ಜೌಗು ನೆಲದಲ್ಲಿ ಸಿಗುವ ಅರೆಕೊಳೆತ ಸಸ್ಯಾಂಶ) ಮೊದಲಾದವುಗಳಿಂದ ಮರಕ್ಕೆ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಕಾರಣ ಅರ್ಥವಾಗುವಂಥದ್ದೇ. ಗೊಬ್ಬರ ಕೊಳೆತು ಕರಗಿದಂತೆ ಮಣ್ಣು ಕುಸಿಯುತ್ತದೆ, ಅದರೊಂದಿಗೆ ಗಿಡವೂ ಇಳಿದು ಬುಡ ಹೂತುಹೋಗುತ್ತದೆ. ಆಮೇಲೆ ಬೇರಿಗೆ ಆ ಮೆತ್ತನೆಯ ಗುಂಡಿ ಬಿಟ್ಟು ಹೊರಗಿನ ಮಣ್ಣಿಗೆ ಹೋಗುವ ಮನಸ್ಸೂ ಬರುವುದಿಲ್ಲ. ಗೊಬ್ಬರ ಮೇಲೆ ಹರಡಿದರೆ ಸಾಕು, ಕಾಡಿನಲ್ಲಿ ಎಲೆ ಬೀಳುವುದೂ ಮೇಲೆಯೇ. ತುಂಬಿಸಿದ ಮಣ್ಣು ಮಳೆಗೆ ಕೂತು ಗಟ್ಟಿಯಾಗುವವರೆಗೆ ಕಾದು, ಮುಂದಿನ ಮಳೆಗಾಲದ ಆರಂಭದಲ್ಲಿ ನೆಟ್ಟೆವು.

ಸಸಿ ಆರಿಸುವಾಗ ಒಂದು ಜಗ್ಗಾಟವಾಯಿತು. ಮನೆಯ ಯಜಮಾನರಿಗೆ ಆಳೆತ್ತರ ಮೀರಿದ, ತುದಿಯಲ್ಲಿ ಎರಡು ಕಾಯಿ ತೂಗುತ್ತಿದ್ದ ಗಿಡದ ಮೇಲೆ ಕಣ್ಣು. ಚೀಲ ಮಾತ್ರ ಚಿಕ್ಕದು, ತಳದಿಂದ ಬೇರು ಹೊರಬಂದು ನೆಲಕ್ಕೆ ಇಳಿದಿತ್ತು. ಅಂಥ ಗಿಡ ಚೀಲದಲ್ಲಿ ಎಷ್ಟು ಕಾಲ ಕಳೆದಿದೆ ಎನ್ನುವುದಕ್ಕೆ ಆ ಬೇರೇ ಸಾಕ್ಷಿ. ಸೊಂಟದೆತ್ತರಕ್ಕೂ ಕಡಿಮೆಯಿದ್ದ, ಕಸಿಯ ಮೇಲೆ ಎರಡು ಸಲ ಚಿಗುರೊಡೆದಿದ್ದ ಗಿಡವನ್ನು ನಾನು ಹಿಡಿದೆ. ಚೀಲ ಜಾರಿಸಿ ನೋಡಿದಾಗ ಮಣ್ಣುಂಡೆಯ ಅಂಚಿನಲ್ಲಿ ಬಿಳಿ ಎಳೆಬೇರುಗಳಿದ್ದವು, ದಪ್ಪ ಸುತ್ತು ಇರಲಿಲ್ಲ. ಚಿಕ್ಕ ಗಿಡ ಬೇಗ ಬೇರೂರಿ ಕೆಲವೇ ವರ್ಷಗಳಲ್ಲಿ ದೊಡ್ಡದನ್ನು ಹಿಂದೆ ಹಾಕುತ್ತದೆ. ಯಜಮಾನರು ಒಪ್ಪಿದ್ದು ಅರೆಮನಸ್ಸಿನಿಂದ.

ನೆಡುವ ಮೊದಲು ಮಣ್ಣುಂಡೆಯ ಮೇಲ್ಭಾಗ ಕೆದಕಿ ಹರವು ಹುಡುಕಿದೆವು, ಅದು 3 ಸೆಂಟಿಮೀಟರ್ ಕೆಳಗಿತ್ತು. ನರ್ಸರಿಯಲ್ಲೇ ಮಣ್ಣು ಹೆಚ್ಚಾಗಿರುವುದು ಸಾಮಾನ್ಯ, ಚೀಲದ ಮಣ್ಣಿನ ಮಟ್ಟವನ್ನು ನಂಬಬಾರದು. ಆಮೇಲೆ ಹರಿತವಾದ ಚಾಕುವಿನಿಂದ ಉಂಡೆಯ ಸುತ್ತಲೂ ತಳದಲ್ಲೂ 2 ಸೆಂಟಿಮೀಟರಿನಷ್ಟು ತೆಳುವಾಗಿ ಕೊಯ್ದು ತೆಗೆದೆವು. ಹಿರಿಯಮ್ಮ ಹೌಹಾರಿದರು. ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಗಿಲ್ಮನ್ ಕುಂಡದ ಗಿಡಗಳ ಮೇಲೆ ಮಾಡಿದ ಅಧ್ಯಯನಗಳು ಈ ಕೆಲಸಕ್ಕೆ ಆಧಾರ. ಅಂಚು ಕೊಯ್ದಾಗ ಸುತ್ತು ಬೇರು ತುಂಡಾಗಿ, ಕೊಯ್ದ ತುದಿಯಿಂದ ಹೊಸ ಬೇರು ನೇರ ಹೊರಕ್ಕೆ ಹೊರಡುತ್ತದೆ. ಹಳೆಯ ಮಾವಿನ ತೊಳೆದ ಬೇರನ್ನು ನಾವು ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆವು. ಅದನ್ನು ತಂದು ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಹಿರಿಯಮ್ಮನಿಗೆ ಸಮಾಧಾನವಾಯಿತು.

ಗುಂಡಿಯ ಆಳ ಮಣ್ಣುಂಡೆಗಿಂತ ತುಸು ಕಡಿಮೆ, ಅಗಲ ಅದರ ಮೂರರಷ್ಟು. ಉಂಡೆಯ ಮೇಲ್ತುದಿ ನೆಲಮಟ್ಟಕ್ಕಿಂತ 3 ಸೆಂಟಿಮೀಟರ್ ಮೇಲಿರುವಂತೆ ಕೂರಿಸಿ, ಮಣ್ಣು ತುಂಬಿ, ಕಾಲಿನಿಂದ ತುಳಿಯದೆ ನೀರು ಹಾಕಿ ಕೂರಿಸಿದೆವು. ಒಣಗಿದ ಎಲೆಯ ಮುಚ್ಚಿಗೆ 8 ಸೆಂಟಿಮೀಟರ್ ದಪ್ಪ, ಕಾಂಡದ ಸುತ್ತ ಒಂದು ಅಂಗೈ ಅಗಲ ಬರಿದು.

ಆಮೇಲಿನ ಎರಡು ವರ್ಷ

ನೀರಿನ ವಿಷಯದಲ್ಲಿ ಮನೆಯವರಿಗೆ ನಾನು ಹೇಳಿದ್ದು ಇಷ್ಟು: ಮೊದಲ ಕೆಲವು ವಾರ ಬೇರಿರುವುದು ಆ ಚಿಕ್ಕ ಉಂಡೆಯಲ್ಲಿ ಮಾತ್ರ, ಸುತ್ತಲ ಮಣ್ಣು ಹಸಿಯಾಗಿದ್ದರೂ ಉಂಡೆ ಒಣಗಿರಬಹುದು. ಬೆರಳು ತೂರಿಸಿ ಉಂಡೆಯನ್ನೇ ನೋಡಿ, ಕಾಂಡದ ಹತ್ತಿರವೇ ನೀರು ಕೊಡಿ. ಎರಡು ತಿಂಗಳಾದಮೇಲೆ ಪಾತಿಯನ್ನು ಹೊರಕ್ಕೆ ಸರಿಸಿ, ಒಂದೊಂದು ಸಲಕ್ಕೆ ಹೆಚ್ಚು ನೀರು, ನಡುವೆ ಹೆಚ್ಚು ದಿನ. ದಿನಾ ಸಂಜೆ ಪೈಪು ಹಿಡಿದು ಮೇಲೆ ಚಿಮುಕಿಸುವ ಅಭ್ಯಾಸ ಬಿಡಿಸುವುದೇ ದೊಡ್ಡ ಕೆಲಸವಾಯಿತು. ಮರದ ನೀರುಣ್ಣುವ ಬೇರುಗಳಲ್ಲಿ ಹೆಚ್ಚಿನವು ಹೇಗೂ ಮೇಲಿನ 30 ಸೆಂಟಿಮೀಟರಿನಲ್ಲೇ ಇರುತ್ತವೆ, ಬೆಳೆದ ಮರದಲ್ಲಿ ಕೊಂಬೆಯ ಹರವನ್ನೂ ದಾಟಿ ಹೊರಗೆ ಹಬ್ಬಿರುತ್ತವೆ. ಆ 30 ಸೆಂಟಿಮೀಟರ್ ಪೂರ್ತಿ ನೆನೆಯಬೇಕು. ಚಿಮುಕಿಸಿದ ನೀರು ಮೇಲಿನ ಎರಡು ಬೆರಳನ್ನೂ ದಾಟುವುದಿಲ್ಲ.

ಊರುಗೋಲು ಮೊದಲ ವರ್ಷ ಮಾತ್ರ ಕೊಟ್ಟೆವು. ಎರಡು ಕೋಲು, ಕಾಂಡದ ಮೂರನೇ ಒಂದು ಎತ್ತರದಲ್ಲಿ ಬಟ್ಟೆಯ ಸಡಿಲ ಕಟ್ಟು. ನೆತ್ತಿ ಗಾಳಿಗೆ ಆಡುತ್ತಿರಬೇಕು. ಥಾಮಸ್ ಆಂಡ್ರೂ ನೈಟ್ ಎಂಬ ಇಂಗ್ಲಿಷ್ ತೋಟಗಾರಿಕಾ ವಿಜ್ಞಾನಿ 1803ರಲ್ಲೇ ಎಳೆಯ ಸೇಬಿನ ಗಿಡಗಳನ್ನು ಕಟ್ಟಿ ಪರೀಕ್ಷಿಸಿದ್ದರು. ಒಂದೇ ದಿಕ್ಕಿನಲ್ಲಿ ತೊನೆಯಲು ಬಿಟ್ಟ ಗಿಡದ ಕಾಂಡ ಆ ದಿಕ್ಕಿನಲ್ಲೇ ಹೆಚ್ಚು ದಪ್ಪವಾಯಿತು. ಬಿಗಿದು ಕಟ್ಟಿದ ಗಿಡಕ್ಕೆ ತಾನೇ ನಿಲ್ಲುವ ಕಾಂಡ ಬರುವುದಿಲ್ಲ.

ನೆಟ್ಟ ಗಿಡ ನೆಲದಿಂದ 70 ಸೆಂಟಿಮೀಟರ್ ದಾಟಿದಮೇಲೆ ತುದಿ ಚಿವುಟಿದೆವು. ಐದು ಚಿಗುರು ಬಂದವು. ಬೇರೆ ಬೇರೆ ದಿಕ್ಕಿಗೆ ಹೋಗುವ, ಕಾಂಡಕ್ಕೆ ಅಗಲ ಕೋನದಲ್ಲಿ ಕೂತಿರುವ ಮೂರನ್ನು ಉಳಿಸಿ ಎರಡನ್ನು ತೆಗೆದೆವು, ಕೊರಳು ಬಿಟ್ಟು ಅದರ ಹೊರಗೆ, ಬಣ್ಣ ಬಳಿಯದೆ. ಕಸಿಯ ಕೆಳಗಿನಿಂದ ಬಂದ ಚಿಗುರುಗಳನ್ನು ಕಂಡ ಕೂಡಲೇ ಉಗುರಲ್ಲೇ ಕಿತ್ತರು, ಬಿಟ್ಟರೆ ಕಾಡುಗಿಡವೇ ಮೇಲಾಗುತ್ತದೆ.

ಮೊದಲ ವರ್ಷವೇ ಎರಡು ಹೂಗೊಂಚಲು ಬಂದವು. ಮುರಿಯಿರಿ ಎಂದಾಗ ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ. 6 ವರ್ಷ ಒಂದು ಹಣ್ಣಿಗೆ ಕಾದವರಿಗೆ ಆ ಸಂಕಟ ಸಹಜ. ಕೊನೆಗೆ ಮನೆಯೊಡತಿ ತಾವೇ ಕತ್ತರಿ ಹಿಡಿದು ತೆಗೆದರು. ಎಳೆಯ ಗಿಡ ಕಾಯಿ ಹೊತ್ತರೆ ಆ ವರ್ಷದ ಬೇರು ಮತ್ತು ಕೊಂಬೆ ಎರಡೂ ಹಿಂದೆ ಬೀಳುತ್ತವೆ. ಎರಡನೆಯ ವರ್ಷವೂ ತೆಗೆದರು, ಆ ಸಲ ನನ್ನನ್ನು ಕೇಳಲೂ ಇಲ್ಲ.

ಒಂದು ಕಡೆ ಸ್ವಲ್ಪ ಎಡವಟ್ಟಾಯಿತು. ಹುಲ್ಲು ಕತ್ತರಿಸಲು ಬಂದವರ ಯಂತ್ರದ ದಾರ ಕಾಂಡಕ್ಕೆ ತಾಗಿ, ಬೆರಳಗಲ ತೊಗಟೆ ಹಾರಿತು. ಎಳೆಯ ಕಾಂಡದಲ್ಲಿ ಅದು ಸುತ್ತಲೂ ತಾಗಿದ್ದರೆ ಗಿಡವೇ ಹೋಗುತ್ತಿತ್ತು. ಮುಚ್ಚಿಗೆಯ ವೃತ್ತವನ್ನು 1 ಮೀಟರಿಗೆ ಹಿಗ್ಗಿಸಿ ಹುಲ್ಲನ್ನೇ ದೂರ ಸರಿಸಿದೆವು. ಹುಲ್ಲಿನ ಬೇರು ಎಳೆಯ ಮರದ ನೀರನ್ನೂ ಸಾರವನ್ನೂ ಕಸಿಯುವುದರಿಂದ ಇದು ಎರಡು ರೀತಿಯಲ್ಲಿ ಒಳ್ಳೆಯದೇ ಆಯಿತು. ಗಾಯದ ಅಂಚು ಈಗ ಸುತ್ತಲಿಂದ ಉಬ್ಬಿ ಮುಚ್ಚುತ್ತಾ ಬಂದಿದೆ.

ಈಗ ಗಿಡ ಮೂರನೆಯ ವರ್ಷದಲ್ಲಿದೆ. ಎತ್ತರದಲ್ಲಿ 6 ವರ್ಷದ ಹಳೆಯ ಮಾವನ್ನು ಮುಟ್ಟಿದೆ, ಎಲೆ ಅದರ ಒಂದೂವರೆ ಪಟ್ಟು ಉದ್ದ. ಬುಡ ಮೂರು ದಿಕ್ಕಿಗೆ ಹರಡುತ್ತಿರುವುದು ಬರಿಗಣ್ಣಿಗೆ ಕಾಣುತ್ತದೆ, ನಾಲ್ಕನೆಯ ಬದಿ ಇನ್ನೂ ಸಪಾಟು. ಅಲ್ಲಿ ಮಣ್ಣು ಕೆದಕಿ ನೋಡಿದೆ, ಸುತ್ತು ಬೇರಿಲ್ಲ, ಬೇರು ಬರುವುದು ತಡವಾಗಿದೆ ಅಷ್ಟೆ. ಹೊಸ ಚಿಗುರಿನಲ್ಲಿ ಹಳದಿ ಪೂರ್ತಿ ಹೋಗಿಲ್ಲ. ಕಸ ತೆಗೆದ ವೃತ್ತದ ಆಚೆಗಿನ ಸುಣ್ಣದ ಮಣ್ಣಿಗೆ ಬೇರು ತಲುಪಿರಬೇಕು. ಮಳೆಗಾಲ ಮುಗಿದಮೇಲೆ ಅಂಚಿನಲ್ಲಿ ಇನ್ನರ್ಧ ಮೀಟರ್ ಅಗಲಕ್ಕೆ ಇಟ್ಟಿಗೆ ಚೂರು ಹೆಕ್ಕಿ ತೆಗೆಯಬೇಕು, ಬೇರು ಕಂಡಲ್ಲಿ ಸಲಿಕೆ ಬಿಟ್ಟು ಕೈಯಲ್ಲೇ. ಪಶ್ಚಿಮದ ಗೋಡೆ ಸದ್ಯಕ್ಕೆ ಹಾಗೆಯೇ ಕಾಯುತ್ತಿದೆ. ಮರ ಆ ಎತ್ತರಕ್ಕೆ ಬರುವವರೆಗೆ ಕಿಟಕಿಯ ಮುಂದೆ ತಂತಿ ಕಟ್ಟಿ ಬಳ್ಳಿ ಹಬ್ಬಿಸಿದ್ದಾರೆ. ಬರುವ ವರ್ಷ ನಾಲ್ಕೈದು ಕಾಯಿ ಬಿಡಬಹುದು ಎಂದು ಹೇಳಿದ್ದೇನೆ, ಅದೂ ಮೂರು ಮುಖ್ಯ ಕೊಂಬೆಗಳು ಹೆಬ್ಬೆರಳು ದಪ್ಪ ಮೀರಿದರೆ ಮಾತ್ರ.